ಮೀನು ಕುಡಿಯದ ನೀರು

ನಮ್ಮ ಮನೆಯಲ್ಲಿ ಸಾಂಬಾರ್ ತೀರಿಕೊಂಡದ್ದು ಒಂದು ಸೋಮವಾರ ಬೆಳಿಗ್ಗೆ ಆರೂವರೆಗೆ.

“ಅಮ್ಮಾ, ಸಾಂಬಾರ್ ತಲೆಕೆಳಗಾಗಿದೆ!” ಎಂದು ಮಗಳು ನಡುಮನೆಯಿಂದ ಕಿರುಚಿದಳು. ಹೆಂಡತಿ ಅಡುಗೆಮನೆಗೆ ಓಡಿದಳು. ಒಲೆಯ ಮೇಲೆ ಸಾಂಬಾರೇ ಇರಲಿಲ್ಲ. ಇದ್ದದ್ದು ಹಾಲು, ಈ ಗಡಿಬಿಡಿಯಲ್ಲಿ ಅದೂ ಉಕ್ಕಿ ಹರಿಯಿತು. ಒಲೆ ಒರೆಸಿ ಆಕೆ ಬರುವಷ್ಟರಲ್ಲಿ ಚಟ್ನಿಯೂ ಮಗ್ಗುಲಾಗಿತ್ತು. ಇಡ್ಲಿ ನೀರಿನ ಮೇಲ್ಮೈಗೆ ಬಾಯಿಟ್ಟು ಏದುಸಿರು ಬಿಡುತ್ತಿತ್ತು. ವಡೆ ಗಾಜಿನ ಮೂಲೆಗೆ ಮುಖ ಕೊಟ್ಟು ನಮ್ಮ ಯಾರ ಮುಖವನ್ನೂ ನೋಡಲು ಇಷ್ಟವಿಲ್ಲವೆಂಬಂತೆ ನಿಂತಿತ್ತು. ಸ್ಕೂಲ್ ವ್ಯಾನು ಬರುವ ಹೊತ್ತಿಗೆ ಪ್ಲೇಟ್ ಪೂರ್ತಿ ಖಾಲಿ.

ಈ ನಾಲ್ಕು ಗೋಲ್ಡ್‌ಫಿಶ್‌ಗಳನ್ನು ತಂದು ಹದಿನಾಲ್ಕು ಗಂಟೆಯೂ ಆಗಿರಲಿಲ್ಲ. ಮೂರನೇ ಕ್ಲಾಸಿನ ಮಗಳು ಕೇಳಿದ್ದು ನಾಯಿಮರಿ. ನಾಯಿಯನ್ನು ವಾಕಿಂಗ್ ಕರೆದುಕೊಂಡು ಹೋಗಬೇಕು, ಬೆಕ್ಕಾದರೆ ಸೋಫಾ ಪರಚುತ್ತದೆ, ಗಿಳಿ ಸಾಕುವುದು ಕಾನೂನಿಗೆ ವಿರುದ್ಧ. ಮೀನಾದರೆ ರಗಳೆಯೇ ಇಲ್ಲ, ನೀರು ಕೊಟ್ಟರೆ ಸಾಕು ಎಂದು ವಾದಿಸಿ ಗೆದ್ದವನು ನಾನೇ. ನೀರು ಕೊಟ್ಟರೆ ಸಾಕು! ಆಮೇಲಿನ ಆರು ತಿಂಗಳಲ್ಲಿ ಹೆಂಡತಿ ಈ ಮಾತನ್ನು ನನಗೆ ಎಷ್ಟು ಸಲ ಹಿಂದಿರುಗಿಸಿದ್ದಾಳೆಂದರೆ, ಬಡ್ಡಿ ಲೆಕ್ಕ ಹಾಕುವ ಬ್ಯಾಂಕಿನ ಕೆಲಸದವನಾದ ನನಗೇ ಲೆಕ್ಕ ತಪ್ಪಿದೆ.

ಇದು 2024ರ ಸಂಕ್ರಾಂತಿ ಕಳೆದ ಮೇಲಿನ ಮಾತು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ತೊಟ್ಟಿ. ಐವತ್ತಾರು ಲೀಟರು ಹಿಡಿಯುತ್ತದೆ. ಬಣ್ಣದ ಕಲ್ಲು, ಪ್ಲಾಸ್ಟಿಕ್ ಗಿಡ, ಗುಳುಗುಳು ಎನ್ನುವ ಪಂಪು, ಮುಳುಗಿದ ಹಡಗಿನದೊಂದು ಗೊಂಬೆ. ಆಫೀಸಿನ ವಾಸ್ತುಪಂಡಿತರೊಬ್ಬರು ಈಶಾನ್ಯದಲ್ಲಿಡಿ ಎಂದರು. ಅಲ್ಲಿದ್ದ ಚಪ್ಪಲಿ ಸ್ಟ್ಯಾಂಡು ಆಗ್ನೇಯಕ್ಕೆ ಹೋಯಿತು. ಅದೃಷ್ಟಕ್ಕೆ ಅವತ್ತು ಸಂಜೆಯೇ ಕಾವೇರಿ ನೀರು ಬಂತು. ನಲ್ಲಿಗೆ ಪೈಪು ಸಿಕ್ಕಿಸಿ ನೇರ ತೊಟ್ಟಿಗೇ ಬಿಟ್ಟೆ. ನೀರು ಬೆಳ್ಳಗೆ ನೊರೆಯೆದ್ದು ಬಂತು, ಈಜುಕೊಳದ ವಾಸನೆಯೂ ಜೊತೆಗೆ ಬಂತು. “ನೋಡು, ಎಷ್ಟು ಶುದ್ಧವಾಗಿದೆ!” ಎಂದೆ. ವಾಸನೆ ಬರುವಷ್ಟು ಶುದ್ಧ ನೀರು ಮೀನಿಗೆ ಯಮಪಾಶ ಎಂದು ಅಂಗಡಿಯವನು ಹೇಳಿದ್ದನೋ ಏನೋ. ಆಗ ನಾನು ಹಡಗಿನ ಬೆಲೆ ಚೌಕಾಸಿ ಮಾಡುವುದರಲ್ಲಿದ್ದೆ.

ಅಮ್ಮನಿಗೆ ಮೊದಲು ಇದು ಹಿಡಿಸಿರಲಿಲ್ಲ. “ಈ ಮನೆಗೆ ಮೀನು ಬರೋದನ್ನೂ ನೋಡಬೇಕಾಯ್ತಲ್ಲ” ಎಂದು ಗೊಣಗಿದ್ದರು. ಆಮೇಲೆ ಅವರೇ ಒಂದು ದಾರಿ ಹುಡುಕಿಕೊಂಡು, ಮೊಮ್ಮಗಳನ್ನು ಕೂರಿಸಿಕೊಂಡು ಮತ್ಸ್ಯಾವತಾರದ ಕತೆ ಹೇಳಿದರು. ಸತ್ಯವ್ರತ ರಾಜ ಹೊಳೆಯಲ್ಲಿ ತರ್ಪಣ ಕೊಡುವಾಗ ಬೊಗಸೆಗೆ ಪುಟ್ಟ ಮೀನು ಬಂತಂತೆ. ಕಮಂಡಲದಲ್ಲಿಟ್ಟ, ಬೆಳೆಯಿತು. ದೊಡ್ಡ ಪಾತ್ರೆಗೆ ಹಾಕಿದ, ಅದೂ ಸಾಲಲಿಲ್ಲ. ಕೆರೆಗೆ, ಸರೋವರಕ್ಕೆ, ಕೊನೆಗೆ ಸಮುದ್ರಕ್ಕೆ. ನನಗೆ ಈಗ ಅನ್ನಿಸುತ್ತದೆ, ನಮ್ಮ ಪರಂಪರೆಯಲ್ಲಿ ಮೊಟ್ಟಮೊದಲು ಮನೆಯಲ್ಲಿ ಮೀನು ಸಾಕಿದವನು ಅವನೇ, ಮೊಟ್ಟಮೊದಲು ತೊಟ್ಟಿ ಸಾಲದೆ ಒದ್ದಾಡಿದವನೂ ಅವನೇ. ಆದರೆ ಪುಣ್ಯಾತ್ಮ, ಅವನ ಕಮಂಡಲಕ್ಕೆ ನಲ್ಲಿ ನೀರು ಬಿದ್ದಿರಲಿಲ್ಲ.

ನಾಲ್ವರಿಗೂ ದಾಸವಾಳದ ಗಿಡದ ಬುಡದಲ್ಲಿ ಸಂಸ್ಕಾರವಾಯಿತು. ಮಗಳು ಅತ್ತಳು. ಹೆಂಡತಿ ಆ ದಿನ ಇಡ್ಲಿ ಮಾಡದೆ ಉಪ್ಪಿಟ್ಟು ಮಾಡಿ ಸೂತಕ ಪಾಲಿಸಿದಳು. ರಾತ್ರಿ ಊಟಕ್ಕೆ ಕೂತಾಗ ಮಗಳು ಕೇಳಿದಳು: “ಅಪ್ಪಾ, ಅದೇ ನೀರು ನಾವು ಕುಡಿದರೆ ಏನೂ ಆಗಲ್ಲ, ಅದು ಕುಡಿದರೆ ಯಾಕೆ ಸತ್ತುಹೋಯ್ತು?”

ಪಿಯುಸಿ ಕೆಮಿಸ್ಟ್ರಿಯಲ್ಲಿ ನನಗೆ ಬಂದದ್ದು ಮೂವತ್ತೈದು. ಪಾಸಾಗಲು ಬೇಕಿದ್ದದ್ದೂ ಅಷ್ಟೇ, ಹಾಗಾಗಿ ಒಂದು ಅಂಕವನ್ನೂ ನಾನು ಪೋಲು ಮಾಡಿರಲಿಲ್ಲ. ಆ ಮೂವತ್ತೈದನ್ನು ಬೆನ್ನಿಗೆ ಕಟ್ಟಿಕೊಂಡು ಓದಲು ಕೂತೆ. ಓದಿದಾಗ ತಿಳಿದ ಮೊದಲ ಸಂಗತಿಯೇ ನನ್ನನ್ನು ಬೆಚ್ಚಿಬೀಳಿಸಿತು. ಸಿಹಿನೀರಿನ ಮೀನು ನೀರು ಕುಡಿಯುವುದೇ ಇಲ್ಲ ಅನ್ನಬಹುದು. ಅದರ ಮೈಯೊಳಗಿನ ಉಪ್ಪು ಹೊರಗಿನ ನೀರಿಗಿಂತ ಹೆಚ್ಚು. ಆದ್ದರಿಂದ ನೀರು ತಾನಾಗಿಯೇ ಕಿವಿರು, ಚರ್ಮಗಳ ಮೂಲಕ ಒಳಗೆ ಇಳಿಯುತ್ತಲೇ ಇರುತ್ತದೆ. ಬಂದದ್ದನ್ನು ಮೂತ್ರ ಮಾಡಿ ಹೊರಹಾಕುವುದೇ ಅದಕ್ಕೆ ದಿನಪೂರ್ತಿ ಕೆಲಸ. ಕೌಟಿಲ್ಯ ದುಡ್ಡು ನುಂಗುವ ಅಧಿಕಾರಿಗಳನ್ನು ನೀರು ಕುಡಿಯುವ ಮೀನಿಗೆ ಹೋಲಿಸಿದ್ದಾನೆ. ಎರಡೂ ನುಂಗುವುದು ಯಾರ ಕಣ್ಣಿಗೂ ಬೀಳದು ಅನ್ನುವುದು ಅವನ ಅಳಲು. ಪಾಪ, ಸುಮಾರು ಎರಡು ಸಾವಿರ ವರ್ಷದಿಂದ ಹೊಳೆಮೀನಿನ ಮೇಲೆ ಸುಳ್ಳು ಆಪಾದನೆ. ಅಧಿಕಾರಿಗಳ ವಿಷಯ ಬೇರೆ.

ಕುಡಿದರೆ ನಮ್ಮಂತೆ ಹೊಟ್ಟೆಗೆ ಹೋಗಿ ಅಲ್ಲಿ ಏನೋ ಒಂದು ಆಗುತ್ತಿತ್ತು. ಮೀನಿಗೆ ಆ ಭಾಗ್ಯವಿಲ್ಲ. ಅದು ನೀರಿನಲ್ಲೇ ಉಸಿರಾಡಬೇಕು. ಕಿವಿರಿನ ತೆಳುಪೊರೆಯ ಆಚೆಗೇ ರಕ್ತ. ನಲ್ಲಿ ನೀರಿನಲ್ಲಿ ನಮ್ಮ ಕ್ಷೇಮಕ್ಕೆಂದು ಉಳಿಸಿರುವ ಕ್ಲೋರಿನ್ ಆ ಪೊರೆಯನ್ನೇ ಸುಡುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಮನೆಯ ನಲ್ಲಿಗೆ ಬರುವಾಗಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಇಲ್ಲದಿದ್ದರೆ ನಮಗೆ ವಾಂತಿಭೇದಿ. ಇದ್ದರೆ ಮೀನಿಗೆ ವೈಕುಂಠ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪಾಗಿ, ಐನೂರು ಮೀಟರಿನಷ್ಟು ಮೇಲೇರಿ, ನೂರು ಕಿಲೋಮೀಟರ್ ದಾರಿ ಸವೆಸಿ ಬರುವ ನೀರು ಅದು. ದಾರಿಯುದ್ದಕ್ಕೂ ಕೆಡದಂತೆ ಕಾಪಾಡಲು ಹಾಕಿದ ಕಾವಲುಗಾರ ನಮ್ಮ ಮನೆಗೆ ಬಂದು ನಾಲ್ಕು ಕೊಲೆ ಮಾಡಿದ. ಬಾಗಿಲು ತೆರೆದು ಒಳಗೆ ಬಿಟ್ಟವನು ನಾನು.

ಅಲ್ಲಿಂದ ಶುರುವಾಯಿತು ನನ್ನ ಜಲಸಂಶೋಧನೆ. ಆಗಲೇ ನನಗೆ ಗೊತ್ತಾದದ್ದು, ಹದಿನಾಲ್ಕು ವರ್ಷ ವಾಸವಿದ್ದ ನನ್ನ ಮನೆಯಲ್ಲಿ ಐದು ಬಗೆಯ ನೀರು ಇವೆ ಎಂದು. ಎರಡು ದಿನಕ್ಕೊಮ್ಮೆ ಬರುವ ಕಾವೇರಿ ನೀರು, ಅದಕ್ಕೇ ಬೇರೆ ಸಂಪು. ಮಿಕ್ಕ ಹೊತ್ತಿಗೆ ಬೋರ್‌ವೆಲ್ಲಿನದು, ಅದು ಸಿಂಟೆಕ್ಸಿನಿಂದ. ಬೋರು ಕೈಕೊಟ್ಟರೆ ಟ್ಯಾಂಕರಿನದು. ಕುಡಿಯಲು ಫಿಲ್ಟರಿನದು. ಫಿಲ್ಟರು ಕೆಟ್ಟರೆ ಕ್ಯಾನಿನದು. ಅಡುಗೆಮನೆಯಲ್ಲಿ ಎರಡು ನಲ್ಲಿ ಅಕ್ಕಪಕ್ಕ ಇರುವುದು ಅಂದಕ್ಕಲ್ಲ ಎಂಬುದೂ ಅವತ್ತೇ ತಿಳಿಯಿತು. ಬೇಳೆ ಬೇಯಿಸಲು ಎಡಗಡೆಯದು. ಬಲಗಡೆಯ ಬೋರ್ ನೀರಿನಲ್ಲಿ ತೊಗರಿಬೇಳೆ ಏಳು ವಿಶಿಲ್ ಕೂಗಿದರೂ ಗೋಲಿಯ ಹಾಗೇ ಇರುತ್ತದೆ. ಅಷ್ಟು ಗಡಸು. ಗೀಸರಿನ ಕಾಯಿಲಿಗೆ ಅದು ಹಚ್ಚುವ ಸುಣ್ಣದಲ್ಲಿ ಒಂದು ಗೋಡೆಯನ್ನೇ ಬಳಿಯಬಹುದು. ರಾತ್ರಿ ಎರಡು ಗಂಟೆಗೆ ವಾಲ್ವ್ ತಿರುಗಿಸಿದ ಶಬ್ದಕ್ಕೆ ಎಚ್ಚರಾಗಿ ಹೆಂಡತಿ ಇಷ್ಟೂ ವರ್ಷ ಮೋಟರ್ ಹಾಕುತ್ತಿದ್ದಳು. ನಾನು ಆಗ ಗೊರಕೆ ಹೊಡೆಯುತ್ತಿದ್ದೆ, ಬೆಳಿಗ್ಗೆ ನಲ್ಲಿ ತಿರುಗಿಸಿದರೆ ನೀರು ಬರುವುದು ಸೃಷ್ಟಿನಿಯಮವೆಂದು ನಂಬಿದ್ದೆ.

“ನೀರನ್ನ ಅಗಲವಾದ ಪಾತ್ರೆಗಳಲ್ಲಿ ಒಂದೆರಡು ದಿನ ಬಿಚ್ಚಿಟ್ಟರೆ ಕ್ಲೋರಿನ್ ಹಾರಿಹೋಗುತ್ತೆ ಸಾರ್” ಎಂದ ಅಂಗಡಿಯವನು, ಎರಡನೇ ತಂಡದ ಮೀನುಗಳನ್ನು ಪ್ಯಾಕ್ ಮಾಡುತ್ತ. ಐವತ್ತಾರು ಲೀಟರೆಂದರೆ ನಾಲ್ಕು ಬಕೆಟ್. ನಮ್ಮ ಮನೆಯಲ್ಲಿದ್ದದ್ದೂ ನಾಲ್ಕು. ಬಚ್ಚಲಿನಲ್ಲಿ ಸಾಲಾಗಿ ತುಂಬಿಟ್ಟು ‘ಮುಟ್ಟಬೇಡಿ’ ಎಂದು ಚೀಟಿ ಅಂಟಿಸಿದೆ. ಎರಡು ದಿನ ಮನೆಮಂದಿ ಚೊಂಬಿನಲ್ಲಿ ಸ್ನಾನ ಮಾಡಿದರು. ಮೂರನೆಯ ದಿನ ಬೆಳಿಗ್ಗೆ ಊರಿನಿಂದ ಮಾವನವರು ಬಂದರು. ತಣ್ಣೀರು ಸ್ನಾನದ ವ್ರತದವರು, ಕನ್ನಡಕ ತೆಗೆದಿಟ್ಟೇ ಬಚ್ಚಲಿಗೆ ಹೋಗುವವರು. ಅರ್ಧ ಗಂಟೆ ಗಂಗೇಚ ಯಮುನೇಚ ನಡೆಯಿತು. ತಲೆ ಒರೆಸಿಕೊಳ್ಳುತ್ತ ಹೊರಬಂದು, “ಈ ಸಲ ಬೆಂಗಳೂರಿನ ನೀರಲ್ಲಿ ಆ ದರಿದ್ರ ವಾಸನೆಯೇ ಇಲ್ಲ, ಅಳಿಯಂದ್ರೇ!” ಎಂದರು. ಒಳಗೆ ಹೋಗಿ ನೋಡಿದೆ. ನಾಲ್ಕೂ ಬಕೆಟ್ ಬೋರಲು.

ಮಾವನವರಿಗೆ ಏನೆನ್ನಲಾದೀತು? ಬೇರೆ ದಾರಿ ಹುಡುಕಿದೆ. ಮನೆಯಲ್ಲಿ ಅತಿ ಶುದ್ಧವಾದ ನೀರು ಫಿಲ್ಟರಿನದಲ್ಲವೆ? ಆರ್‌ಓ ಯಂತ್ರ ಕ್ಲೋರಿನ್ನನ್ನೂ ತೆಗೆಯುತ್ತದೆ, ಗಡಸನ್ನೂ ತೆಗೆಯುತ್ತದೆ. ನಮ್ಮ ಯಂತ್ರ ಒಂದು ಲೀಟರ್ ಕೊಡಲು ಮೂರು ಲೀಟರ್ ಹೊರಗೆ ಸುರಿಯುತ್ತದೆ, ಅದು ಬೇರೆ ಮಾತು. ಹೀಗೆ ಹೊರಬಿದ್ದ ನೀರನ್ನು ವ್ಯರ್ಥ ಮಾಡಬಾರದೆಂದು ಆ ದಿನ ಹೆಂಡತಿ ಮನೆಯನ್ನು ನಾಲ್ಕು ಸಲ ಒರೆಸಿದಳು. ನಾಲ್ಕನೆಯ ಸಲ ಒರೆಸುವಾಗ ನನ್ನ ಕಾಲನ್ನೂ ಸೇರಿಸಿ ಒರೆಸಿದಳು, ಸ್ವಲ್ಪ ಜೋರಾಗಿಯೇ.

ಇಷ್ಟರಲ್ಲಿ ಅಮ್ಮ ತಮ್ಮ ಪಾಲಿನ ಸಲಹೆ ಕೊಟ್ಟರು. “ಪ್ಲಾಸ್ಟಿಕ್ ಬಕೆಟ್ಟಲ್ಲಿ ಯಾಕೋ ಇಡ್ತಿ? ಅಟ್ಟದ ಮೇಲೆ ನಮ್ಮತ್ತೆ ಕಾಲದ ತಾಮ್ರದ ಹಂಡೆ ಇದೆ. ರಾತ್ರಿ ತಾಮ್ರದಲ್ಲಿಟ್ಟ ನೀರು ಅಮೃತ ಕಣೋ.” ಹುಣಸೆಹಣ್ಣು ಹಾಕಿ ಉಜ್ಜಿದರೆ ಹಂಡೆ ಕೆಂಪಗೆ ಹೊಳೆಯಿತು. ಶುದ್ಧಾತಿಶುದ್ಧ ಫಿಲ್ಟರ್ ನೀರು, ಅದರ ಮೇಲೆ ತಾಮ್ರದ ಸಂಸ್ಕಾರ. ವಿಜ್ಞಾನವೂ ಆಯಿತು, ಸಂಪ್ರದಾಯವೂ ಆಯಿತು. ಇದಕ್ಕಿಂತ ಒಳ್ಳೆಯ ನೀರು ಇಂದ್ರನ ಮನೆಯ ಮೀನಿಗೂ ಸಿಕ್ಕಿರಲಿಕ್ಕಿಲ್ಲ.

ಆ ತೊಟ್ಟಿಯಲ್ಲಿ ಮೊದಲು ಸತ್ತದ್ದು, ಅಂಗಡಿಯವನು ಪುಕ್ಕಟೆ ಕೊಟ್ಟಿದ್ದ ಎರಡು ಬಸವನಹುಳು. ಆಮೇಲೆ ಮೀನು. ತಾಮ್ರ ಕರಗಿದ ನೀರು ಕಿವಿರಿಗೆ ವಿಷ. ಬಸವನಹುಳುವನ್ನು ಕೊಲ್ಲಲೆಂದೇ ತಾಮ್ರದ ಲವಣ ಬಳಸುವವರಿದ್ದಾರೆ. ನೀರಿನಲ್ಲಿ ಸುಣ್ಣದ ಅಂಶವಿದ್ದರೆ ಈ ವಿಷದ ಹಲ್ಲು ಕೊಂಚ ಮೊಂಡಾಗುತ್ತದೆ. ಆ ಸುಣ್ಣವನ್ನೇ ನಾನು ಫಿಲ್ಟರಿಗೆ ಹಾಕಿ ತೆಗೆದುಬಿಟ್ಟಿದ್ದೆ. ಅದೂ ಅಲ್ಲದೆ ಲವಣವೇ ಇಲ್ಲದ ನೀರಿನಲ್ಲಿ ಮೀನಿನ ಮೈಯ ಉಪ್ಪು ಸೋರುತ್ತಲೇ ಹೋಗುತ್ತದಂತೆ. ಅಮ್ಮನ ಹಂಡೆ ಒಂದೇ ಆಗಿದ್ದರೆ, ನನ್ನ ಫಿಲ್ಟರ್ ಒಂದೇ ಆಗಿದ್ದರೆ, ಯಾರೋ ಒಬ್ಬರಾದರೂ ಬದುಕುತ್ತಿದ್ದರೇನೋ. ತಾಯಿ–ಮಗ ಒಂದಾದರೆ ಏನಾಗುತ್ತದೆ ಎಂಬುದು ತನಗೆ ಮದುವೆಯಾದ ವರ್ಷವೇ ಗೊತ್ತಿತ್ತು ಎಂದು ಹೆಂಡತಿ ಪಾತ್ರೆಗಳಿಗೆ ಹೇಳಿದಳು.

ದಾಸವಾಳದ ಗಿಡ ಮಾತ್ರ ಆ ಫೆಬ್ರುವರಿಯಲ್ಲಿ ಎಂದೂ ಇಲ್ಲದಷ್ಟು ಹೂ ಬಿಟ್ಟಿತು.

ನಮ್ಮನ್ನು ಕಾಪಾಡಿದವರು ಹಿಂದಿನ ಬೀದಿಯ ಸ್ಟುಡಿಯೋ ರಾಯರು. ಕಪ್ಪು–ಬಿಳುಪಿನ ಕಾಲದಿಂದ ಫೋಟೊ ತೆಗೆದವರು. ಮೊಬೈಲ್ ಬಂದ ಮೇಲೆ ಅಂಗಡಿಯಲ್ಲಿ ಝೆರಾಕ್ಸ್ ಯಂತ್ರ ಇಟ್ಟುಕೊಂಡಿದ್ದಾರೆ. ನನ್ನ ಗೋಳು ಕೇಳಿ, ಒಳಗಿನ ಕತ್ತಲೆಕೋಣೆಯಿಂದ ಹಳೆಯ ಬೋರ್ನ್‌ವಿಟಾ ಡಬ್ಬಿ ತಂದರು. ತುಂಬ ಕಲ್ಲುಸಕ್ಕರೆಯಂಥ ಹರಳು.

“ಹೈಪೋ. ಸೋಡಿಯಂ ಥಯೋಸಲ್ಫೇಟು. ಫೋಟೊ ಮಾಸದ ಹಾಗೆ ನಿಲ್ಲಿಸ್ತಿದ್ದದ್ದು ಇದೇ. ಅಂಗಡಿಯವರು ಪುಟ್ಟ ನೀಲಿ ಬಾಟ್ಲಿಯಲ್ಲಿ ಕ್ಲೋರಿನ್ ತೆಗೆಯೋ ಔಷಧಿ ಅಂತ ಮಾರ್ತಾರಲ್ಲ, ಸಾಮಾನ್ಯವಾಗಿ ಅದರೊಳಗೂ ಇದೇ ಇರೋದು. ಕ್ಲೋರಿನ್ನನ್ನ ನಿಂತ ಕಾಲಲ್ಲೇ ಮುಗಿಸಿಬಿಡುತ್ತೆ.”

1839ರಲ್ಲಿ ಛಾಯಾಚಿತ್ರ ಕಲೆ ಕಣ್ಣುಬಿಟ್ಟಾಗಲೇ ಜಾನ್ ಹರ್ಷಲ್ ಎಂಬ ವಿಜ್ಞಾನಿ ಚಿತ್ರ ನಿಲ್ಲಿಸಲು ಇದನ್ನು ಸೂಚಿಸಿದ್ದನಂತೆ. ಒಂದು ಮಿಲಿಗ್ರಾಂ ಕ್ಲೋರಿನ್ನಿಗೆ ಸುಮಾರು ಏಳು ಮಿಲಿಗ್ರಾಂ ಹರಳು ಸಾಕು. ಲೀಟರಿಗೆ ಒಂದು ಮಿಲಿಗ್ರಾಂ ಕ್ಲೋರಿನ್ ಇದೆ ಎಂದು ಹಿಡಿದರೂ ನಮ್ಮ ಇಡೀ ತೊಟ್ಟಿಗೆ ಅರ್ಧ ಗ್ರಾಮೂ ಬೇಡ, ಒಗ್ಗರಣೆಯ ಇಂಗಿಗಿಂತ ಒಂದು ಚೂರು ಜಾಸ್ತಿ. ಎಂಟು ಮೀನು, ಎರಡು ಬಸವನಹುಳು, ಒಬ್ಬ ಮಾವ, ಒಂದು ಹಂಡೆ ಇಷ್ಟೆಲ್ಲ ಆದ ಮೇಲೆ ಪರಿಹಾರ ಒಂದು ಚಿಟಿಕೆ!

“ನಿಮ್ಮ ಮದುವೆ ಫೋಟೊನೂ ಇದರಲ್ಲೇ ಅದ್ದಿದ್ದು, ಅದಕ್ಕೇ ಇನ್ನೂ ಹಾಗೇ ಇದೆ” ಎಂದು ರಾಯರು ಹೆಮ್ಮೆಯಿಂದ ಹೇಳಿದ್ದನ್ನು ಮನೆಗೆ ಬಂದು ಹೇಳಿದೆ. “ಅವತ್ತು ಒಂದು ಚಿಟಿಕೆ ಕಮ್ಮಿ ಹಾಕಿದ್ರೆ ಆಗ್ತಿತ್ತು” ಎಂದಳು ಹೆಂಡತಿ.

ನಾನು ಈ ಹೈಪೋ ಜ್ಞಾನವನ್ನು ಸ್ಯಾನ್ ಫ್ರಾನ್ಸಿಸ್ಕೊದಲ್ಲಿರುವ ಭಾವಮೈದನಿಗೆ ವಿಡಿಯೋ ಕಾಲ್ ಮಾಡಿ ಉಪದೇಶಿಸಲು ಹೋದೆ. ಅವನೂ ಮೀನು ಸಾಕಿದ್ದಾನೆ. ಅವರ ಊರಿನ ನೀರಿಗೆ 2004ರಿಂದ ಬರಿಯ ಕ್ಲೋರಿನ್ ಅಲ್ಲ, ಕ್ಲೋರಮಿನ್ ಹಾಕುತ್ತಾರಂತೆ. ಅದು ಕ್ಲೋರಿನ್ನಿನ ಹಾಗೆ ಒಂದೆರಡು ದಿನಕ್ಕೆ ಹಾರಿಹೋಗುವ ಆಸಾಮಿಯಲ್ಲ. ಹೈಪೋ ಹಾಕಿದರೆ ಕ್ಲೋರಿನ್ ಸಾಯುತ್ತದೆ, ಅಮೋನಿಯ ಉಳಿದುಕೊಳ್ಳುತ್ತದೆ. “ಅಮೋನಿಯ ಗೊತ್ತಲ್ಲ ಭಾವ?” ಎಂದ. ಗೊತ್ತಿಲ್ಲದೆ ಏನು, ಎಂದೆ. ಗೊತ್ತಿರಲಿಲ್ಲ. ಹತ್ತು ದಿನದಲ್ಲಿ ಗೊತ್ತಾಯಿತು.

ಮೀನು ತಿನ್ನುತ್ತದೆ, ವಿಸರ್ಜಿಸುತ್ತದೆ, ಅಲ್ಲೇ ಉಸಿರಾಡುತ್ತದೆ. ವಿಸರ್ಜಿಸಿದ ಅಮೋನಿಯವೇ ಅದಕ್ಕೆ ವಿಷ. ಕೆರೆಯಲ್ಲಾದರೆ ಲಕ್ಷಾಂತರ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟು ಮಾಡಿ, ಆ ನೈಟ್ರೈಟನ್ನು ಇನ್ನೊಂದಿಷ್ಟು ಬ್ಯಾಕ್ಟೀರಿಯಗಳು ನೈಟ್ರೇಟು ಮಾಡಿ, ಹೇಗೋ ಸಂಸಾರ ತೂಗಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ನೌಕರರು ಇರುವುದಿಲ್ಲ. ಅವರು ತಾವಾಗಿ ಬಂದು ಸೇರಿಕೊಂಡು ಫಿಲ್ಟರಿನ ಸ್ಪಂಜಿನಲ್ಲಿ ಬಿಡಾರ ಹೂಡಲು ನಾಲ್ಕರಿಂದ ಆರು ವಾರ ಬೇಕು. ನಾನೋ, ಪ್ರತಿ ಭಾನುವಾರ ಆ ಸ್ಪಂಜನ್ನು ತೆಗೆದು, ಅದರ ಕಂದು ಲೋಳೆ ನೋಡಿ ಹೇಸಿ, ನಲ್ಲಿ ಪೂರ್ತಿ ಬಿಟ್ಟು, ಬೆಳ್ಳಗಾಗುವವರೆಗೂ ಹಿಂಡಿ ಹಿಂಡಿ ತೊಳೆಯುತ್ತಿದ್ದೆ. ಅದೇ ಕ್ಲೋರಿನ್ ನೀರಿನಲ್ಲಿ. ವಾರವಿಡೀ ಸೇರಿದ್ದ ಅಷ್ಟೂ ನೌಕರರನ್ನು ವಾರಕ್ಕೊಮ್ಮೆ ಸಾಮೂಹಿಕವಾಗಿ ವಜಾ ಮಾಡುತ್ತಿದ್ದೆ ಎಂದಾಯಿತು. ಮನೆಯಲ್ಲಿ ನಾನು ಹೇಳಿಸಿಕೊಳ್ಳದೆ ಮಾಡುತ್ತಿದ್ದ ಏಕೈಕ ಸ್ವಚ್ಛತಾ ಕಾರ್ಯ ಅದು.

“ಸ್ಪಂಜು ಗಲೀಜಾಗಿದ್ದರೇ ಒಳ್ಳೇದು ಸಾರ್. ತೊಳೆಯಲೇಬೇಕು ಅಂದ್ರೆ ತೊಟ್ಟಿಯಿಂದ ತೆಗೆದ ಹಳೇ ನೀರಲ್ಲೇ ಒಂದು ಸಲ ಅದ್ದಿ ತೆಗೀರಿ” ಎಂದು ಅಂಗಡಿಯವನು ತನ್ನ ದೊಡ್ಡ ತೊಟ್ಟಿಯಿಂದ ಪಾಚಿ ಹಿಡಿದ ಸ್ಪಂಜಿನ ತುಂಡೊಂದನ್ನು ಕತ್ತರಿಸಿ ಪ್ಲಾಸ್ಟಿಕ್ ಕವರಿಗೆ ಹಾಕಿಕೊಟ್ಟ. ಮನೆಗೆ ತಂದಾಗ ಅಮ್ಮ ಮೂಗು ಮುಚ್ಚಿಕೊಂಡರು. ಬ್ಯಾಕ್ಟೀರಿಯ, ನೈಟ್ರೈಟು ಎಂದು ನಾನು ನನ್ನ ಮೂವತ್ತೈದು ಅಂಕಗಳನ್ನು ಬಿಚ್ಚಿ ಹರಡುತ್ತಿದ್ದಂತೆ ಅವರು ಕೈಯೆತ್ತಿ ತಡೆದರು.

“ಹೆಪ್ಪು ಅನ್ನು. ಹೊಸ ಹಾಲಿಗೆ ಪಕ್ಕದ ಮನೆಯಿಂದ ಒಂದು ಚಮಚ ಮೊಸರು ತಂದ ಹಾಗೆ. ಅಷ್ಟಕ್ಕೆ ಇಷ್ಟು ಇಂಗ್ಲಿಷ್ ಯಾಕೋ? ಸಂಜೆ ದೀಪ ಹಚ್ಚಿದ ಮೇಲೆ ತರಲಿಲ್ಲ ತಾನೆ? ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು.”

ತಂದದ್ದು ಏಳೂವರೆಗೆ. ಸುಳ್ಳು ಹೇಳಿದೆ. ಹೆಪ್ಪು ಹಿಡಿಯಿತು.

ಇನ್ನೇನು ದಡ ಸೇರಿದೆವು ಎನ್ನುವಷ್ಟರಲ್ಲಿ ಮಾರ್ಚ್ ಬಂತು. ಆ ಬೇಸಿಗೆಯ ಬೆಂಗಳೂರನ್ನು ಯಾರೂ ಮರೆತಿಲ್ಲ. ಬೋರುಗಳು ಬತ್ತಿದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ತೋಟಕ್ಕೆ ಹಾಕಿದರೆ ಐದು ಸಾವಿರ ರೂಪಾಯಿ ದಂಡ ಎಂದು ಆದೇಶವಾಯಿತು. ಆದೇಶದಲ್ಲಿ ಮೀನಿನ ಹೆಸರಿದೆಯೇ ಎಂದು ನಾನು ಪತ್ರಿಕೆಯನ್ನು ಎರಡು ಸಲ ಓದಿದೆ, ಇರಲಿಲ್ಲ. ಆದರೂ ನೀರು ಬದಲಾಯಿಸುವ ದಿನ ಕಿಟಕಿಯ ಪರದೆ ಎಳೆಯುತ್ತಿದ್ದೆ. ಒಂದು ರಾತ್ರಿ ಟ್ಯಾಂಕರ್ ನೀರು ಸಂಪಿಗೆ ಬಿತ್ತು. ಎಲ್ಲಿಯ ಬೋರಿನದೋ, ಯಾವ ಕೆರೆಯ ಪಕ್ಕದ್ದೋ, ತಂದವನಿಗೂ ಗೊತ್ತಿಲ್ಲ. ಮೀಟರ್ ಒಂದನ್ನು ಕೊಂಡೆ.

ಟಿಡಿಎಸ್ ಮೀಟರ್ ಎಂದರೆ ಪೆನ್ನಿನಂಥದು. ನೀರಿಗೆ ಅದ್ದಿದರೆ ಅದರಲ್ಲಿ ಕರಗಿದ ಲವಣ ಎಷ್ಟೆಂದು ಅಂಕಿ ತೋರಿಸುತ್ತದೆ. ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಕುಡಿಯಲು ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 2000ದವರೆಗೂ ಸಹಿಸಿಕೊಳ್ಳಿ ಎನ್ನುತ್ತದೆ ಮಾನಕ. ಅದು ಕೈಗೆ ಬಂದ ದಿನದಿಂದ ನಾನು ಮನುಷ್ಯನಾಗಿ ಉಳಿಯಲಿಲ್ಲ. ಫಿಲ್ಟರ್ ನೀರು 40, ಕಾವೇರಿ 210, ಬೋರು 980, ಟ್ಯಾಂಕರ್ 1,340. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಎಳನೀರಿಗೆ ಅದ್ದಿದೆ. ಮಜ್ಜಿಗೆಗೆ ಅದ್ದಿದೆ. ತಿಳಿಸಾರಿಗೆ ಅದ್ದಿದಾಗ ಅಂಕಿ ಓಡಿದ್ದು ಓಡಿದ್ದೇ, ನಿಲ್ಲಲೇ ಇಲ್ಲ. “ನಿನ್ನ ಸಾರಿನಲ್ಲಿ ಮೀನು ಒಂದು ನಿಮಿಷವೂ ಬದುಕಲ್ಲ” ಎಂದು ಬಾಯಿ ಜಾರಿತು. “ನಾನು ಹದಿನಾಲ್ಕು ವರ್ಷ ಬದುಕಿಲ್ವ?” ಎಂದಳು. ಅಮ್ಮ ದೇವರ ಮನೆಯಿಂದ ತೀರ್ಥದ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಬಂದರು.

ಇಷ್ಟು ಮಾಡಿದರೂ ಆ ಮೀಟರಿಗೆ ಕ್ಲೋರಿನ್ ಕಾಣಿಸುವುದಿಲ್ಲ, ಅಮೋನಿಯದ ಸುಳಿವೂ ಸಿಗುವುದಿಲ್ಲ. ನನ್ನ ಮೊದಲ ನಾಲ್ಕು ಮೀನು ಸತ್ತ ನೀರನ್ನು ಅದು ಫಸ್ಟ್‌ಕ್ಲಾಸಿನಲ್ಲಿ ಪಾಸು ಮಾಡುತ್ತಿತ್ತು. ಟ್ಯಾಂಕರ್ ನೀರಿಗೆ ಗೋಲ್ಡ್‌ಫಿಶ್‌ಗಳು ಮುದುರಿದವು. ಗಡಸು ನೀರು ಸಾಮಾನ್ಯವಾಗಿ ಕ್ಷಾರಗುಣದ್ದು; ಕ್ಷಾರ ಹೆಚ್ಚಿದಷ್ಟೂ ಇದ್ದಷ್ಟೇ ಅಮೋನಿಯ ಹೆಚ್ಚು ಕಚ್ಚುತ್ತದೆ. ಹೋಗಲಿ, ಎಲ್ಲ ಸಾವನ್ನೂ ವರದಿ ಮಾಡಲು ಇದೇನು ಜನನ–ಮರಣ ನೋಂದಣಿ ಕಚೇರಿಯಲ್ಲ.

ಐದನೆಯ ಸಲ ಹೋದಾಗ ಅಂಗಡಿಯವನಿಗೇ ಕರುಣೆ ಬಂತು. ಬಹುಶಃ ಅಷ್ಟು ದಿನದ ವ್ಯಾಪಾರದ ಋಣ. “ಸಾರ್, ನೀವು ಮೀನು ನೋಡಿ ನೀರು ಹುಡುಕ್ತಿದ್ದೀರ. ನೀರು ನೋಡಿ ಮೀನು ತಗೊಳ್ಳಿ. ನಿಮ್ಮ ಏರಿಯಾ ಬೋರ್ ನೀರು ಗಪ್ಪಿಗೆ ಹೇಳಿ ಮಾಡಿಸಿದ್ದು. ಗಡಸು ನೀರು ಅಂದ್ರೆ ಅದಕ್ಕೆ ಪ್ರಾಣ. ಬೋರಿನಲ್ಲಿ ಕ್ಲೋರಿನ್ನೂ ಇರಲ್ಲ.” ಐದು ತಗೊಂಡೆ. ಸಿಂಟೆಕ್ಸಿನ ಬಲಗಡೆ ನಲ್ಲಿ, ತೊಗರಿಬೇಳೆ ಬೇಯದ ನೀರು, ಗೀಸರ್ ಕೊಂದ ನೀರು. ಅದರಲ್ಲಿ ಬಿಟ್ಟೆ. ಬಾಲ ಬೀಸಿಕೊಂಡು ಅಡ್ಡಾಡಿದವು. ತಿಂಗಳಲ್ಲಿ ಐದು ಹೋಗಿ ಮೂವತ್ತಾದವು, ಮಳೆಗಾಲಕ್ಕೆ ಲೆಕ್ಕ ತಪ್ಪಿತು. ಮಗಳು ತಿಂಡಿಗಳ ಹೆಸರು ಮುಗಿದು ಊರುಗಳ ಹೆಸರಿಗೆ ಹೋಗಿ, ಕಡೂರು, ಬೀರೂರು, ತರೀಕೆರೆ ಆದ ಮೇಲೆ ಕೈಬಿಟ್ಟಳು.

ಆದರೆ ಬಕೆಟ್ ತುಂಬಿಡುವ ಚಟ ನನಗೆ ಹೋಗಲಿಲ್ಲ. ಬೋರು ಮತ್ತೆ ಕೈಕೊಟ್ಟರೆ? ಟೆರೇಸಿನಲ್ಲಿ ಎರಡು ಡ್ರಮ್ಮು, ಒಂದು ಟಬ್ಬು, ಕಪ್ಪಾದ ಆ ತಾಮ್ರದ ಹಂಡೆ ಎಲ್ಲದರಲ್ಲೂ ನೀರು ‘ಪಕ್ವ’ವಾಗುತ್ತಿತ್ತು. ಜುಲೈನಲ್ಲಿ ಊರೆಲ್ಲ ಡೆಂಗಿ ಜ್ವರ. ಒಂದು ಬೆಳಿಗ್ಗೆ ಆಶಾ ಕಾರ್ಯಕರ್ತೆ ಬಂದರು, ಕೈಯಲ್ಲಿ ಟಾರ್ಚು, ಬಗಲಲ್ಲಿ ರಿಜಿಸ್ಟರು. ನೀರು ನಿಲ್ಲಿಸಿದ್ದೀರಾ ಎಂದು ಕೇಳಿದರು. ಹೆಂಡತಿ ಒಂದು ಮಾತೂ ಆಡದೆ, ಮದುಮಗನಿಗೆ ದಾರಿ ತೋರಿಸುವಂತೆ, ಟೆರೇಸಿನ ಮೆಟ್ಟಿಲ ಕಡೆ ಕೈ ಚಾಚಿದಳು.

ಟಾರ್ಚು ಟಬ್ಬಿನೊಳಗೆ ಬಿತ್ತು. ನಾನು ತಿಂಗಳಿಂದ ಮರೆತಿದ್ದ ಟಬ್ಬು. ಒಳಗೆ ನೂರಾರು ಪುಟ್ಟ ಅಲ್ಪವಿರಾಮಗಳು ಕುಣಿಯುತ್ತಿದ್ದವು.

“ಇದೇನ್ ಸಾರ್?”

“ಮೀನಿಗೆ ಅಂತ ಇಟ್ಟಿರೋ ನೀರು ಮೇಡಂ. ಕ್ಲೋರಿನ್ ಹಾರಿಹೋಗಲಿ ಅಂತ...”

“ಕ್ಲೋರಿನ್ ಹಾರಿಹೋಗಿದೆ. ಇನ್ನೆರಡು ದಿನ ಬಿಟ್ಟಿದ್ರೆ ಇವೂ ಹಾರಿಹೋಗ್ತಿದ್ವು, ನಿಮ್ಮ ಬೀದಿಯೋರನ್ನೆಲ್ಲ ಮಲಗಿಸ್ತಿದ್ವು.” ರಿಜಿಸ್ಟರ್ ತೆರೆದರು. ಬ್ಯಾಂಕಿನಲ್ಲಿ ಸಾಲ ಬಾಕಿಯವರ ಹೆಸರು ಬರೆಯುವಾಗ ನಾನು ಮಾಡುವ ಮುಖವನ್ನೇ ಅವರೂ ಮಾಡಿದ್ದರು. ಆಮೇಲೆ ಏನೋ ಹೊಳೆದು, “ಯಾವ ಮೀನು?” ಎಂದರು.

“ಗಪ್ಪಿ.”

ಅವರ ಮುಖ ಅರಳಿತು. ಕೆಳಗೆ ಬಂದು ತೊಟ್ಟಿಯನ್ನು ನೋಡಿದರು. ಟಬ್ಬಿನಿಂದ ಒಂದು ಲೋಟ ನೀರು ತಂದು ಸುರಿದರು. ಅಲ್ಪವಿರಾಮಗಳು ಅರ್ಧ ನಿಮಿಷದಲ್ಲಿ ಮಾಯ. ಕಡೂರು, ಬೀರೂರುಗಳು ಇನ್ನೂ ಬರಲಿ ಎಂಬಂತೆ ಗಾಜಿಗೆ ಮೂಗು ತಾಗಿಸಿ ನಿಂತವು. ಪೊಟ್ಟಣದ ಕಾಳಿಗೆ ನಾನು ಸುರಿದಿದ್ದ ಹಣ ಕಣ್ಣಮುಂದೆ ಹಾದುಹೋಯಿತು. ಸೊಳ್ಳೆಮರಿ ತಿನ್ನಲೆಂದೇ ಆರೋಗ್ಯ ಇಲಾಖೆಯವರು ಬಾವಿಗಳಿಗೆ, ತೊಟ್ಟಿಗಳಿಗೆ ಬಿಡುವ ಮೀನೂ ಇದೇ. ಹರಿಯುವ ಹಳ್ಳಕ್ಕೋ ಕೆರೆಗೋ ಬಿಟ್ಟರೆ ಅಲ್ಲಿಯ ಮೀನುಗಳಿಗೆ ಕಂಟಕವಾಗುತ್ತದೆ ಎಂದು ತಜ್ಞರು ತಡೆಯುತ್ತಾರೆ, ಮುಚ್ಚಿದ ತೊಟ್ಟಿಗಳಿಗೆ ಅಡ್ಡಿಯಿಲ್ಲ.

“ಒಂದು ಇಪ್ಪತ್ತು ಕೊಡ್ತೀರಾ ಸಾರ್? ಮೂಲೆಯಲ್ಲಿ ಅರ್ಧಕ್ಕೆ ನಿಂತಿರೋ ಕಟ್ಟಡ ಇದೆಯಲ್ಲ, ಅದರ ಸಂಪಲ್ಲಿ ಮಳೆನೀರು ನಿಂತು ಹಸಿರಾಗಿದೆ. ಓನರ್ ಫೋನೇ ಎತ್ತಲ್ಲ.”

ಮಗಳೂ ನಾನೂ ಅವರ ಹಿಂದೆ ಹೋದೆವು. ಸಂಪಿನ ಮುಚ್ಚಳ ಅರ್ಧ ಮುರಿದಿತ್ತು. ಒಳಗೆ ಕರಿಹಸಿರು ನೀರು, ಅದರ ಮೇಲೆ ಒಂದು ಸಿಮೆಂಟಿನ ಚೀಲ, ಒಂದು ಒಂಟಿ ಚಪ್ಪಲಿ, ಗುಟ್ಕಾ ಪೊಟ್ಟಣಗಳು. ನಾನು ಜೇಬಿನಿಂದ ಮೀಟರ್ ತೆಗೆದೆ. “ಒಂದ್ ನಿಮಿಷ ಮೇಡಂ, ನೀರು ನೋಡ್ತೀನಿ. ಕವರನ್ನ ಮೊದಲು ನೀರಿನ ಮೇಲೆ ಕಾಲುಗಂಟೆ ತೇಲಿಬಿಟ್ಟು, ಆಮೇಲೆ ಒಂದೊಂದೇ ಚಮಚ...” ಅನ್ನುವಷ್ಟರಲ್ಲಿ ಅವರು ಕವರನ್ನು ತಲೆಕೆಳಗು ಮಾಡಿ ಸುರಿದು, ರಿಜಿಸ್ಟರಿನಲ್ಲಿ ಟಿಕ್ ಹಾಕಿ, ಮುಂದಿನ ಮನೆಗೆ ಹೊರಟಿದ್ದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎರಡು ಗಂಟೆಗೆ ವಾಲ್ವ್ ತಿರುಗಿದ ಶಬ್ದವಾಯಿತು. ನಾನೇ ಎದ್ದು ಹೋಗಿ ಮೋಟರ್ ಹಾಕಿದೆ. ಹೆಂಡತಿ ಗೊರಕೆ ಹೊಡೆಯುತ್ತಿದ್ದಳು.

ಹತ್ತು ದಿನ ಬಿಟ್ಟು ಮಗಳನ್ನು ಕರೆದುಕೊಂಡು ಸಂಪಿನ ಹತ್ತಿರ ಹೋದೆ. ದಾಸವಾಳದ ಬುಡದಲ್ಲಿ ಜಾಗ ಇದೆಯೇ ಎಂದು ನೋಡಿಕೊಂಡೇ ಹೋಗಿದ್ದೆ. ಬಗ್ಗಿ ಟಾರ್ಚು ಬಿಟ್ಟರೆ ನೀರಿನಲ್ಲಿ ಒಂದು ಸೊಳ್ಳೆಮರಿಯೂ ಇಲ್ಲ. ಚಪ್ಪಲಿಯ ನೆರಳಿನಿಂದ ಸಾಲಾಗಿ ಹೊರಬಂದವು, ದೊಡ್ಡವು, ಸಣ್ಣವು, ಕಣ್ಣು ಮಾತ್ರ ಕಾಣುವಂಥ ಮರಿಗಳು. ಮೈಮೇಲೆ ನಮ್ಮ ಮನೆಯಲ್ಲಿ ಎಂದೂ ಕಂಡಿರದ ನೀಲಿ, ಕಿತ್ತಳೆ.

ಮಗಳು ಸಂಪಿನ ಅಂಚು ಹಿಡಿದು ಬಹಳ ಹೊತ್ತು ನೋಡಿದಳು.

“ಅಪ್ಪಾ, ನಮ್ಮ ಮನೆ ಬಿಟ್ಟ ಮೇಲೆ ಎಷ್ಟು ದಪ್ಪ ಆಗಿದಾವೆ!”